ಅಡಿಕೆ ಡಬ್ಬಿಗಿಂತ ಗಿಡ್ಡದೊಂದು ಜಾಕ್

ಸಿದ್ದಾಪುರ, ೫ ಅಕ್ಟೋಬರ್ ೧೯೮೩, ಬುಧವಾರ

ಕವಿತೆ ಬರೆಯಲೆಂದು ತೆಗೆದಿಟ್ಟುಕೊಂಡ ನೋಟ್‌ಬುಕ್ಕಿನ ಮೊದಲ ಪುಟಕ್ಕೇ ಕಾರು ಬಂದು ನಿಂತಿದೆ.

ಹೋಗುವಾಗ ಅದು ಅಂಬಾಸಿಡರ್ ಆಗಿತ್ತು. ಜಿಲಾನಸಾಬನ ಗ್ಯಾರೇಜಿನಿಂದ ಬರುವಾಗ ತುಂಬು ಬಸುರಿ ಎಮ್ಮೆಯ ಹಾಗೆ ಹೊಟ್ಟೆಯನ್ನು ನೆಲಕ್ಕೆ ಇಳಿಬಿಟ್ಟುಕೊಂಡು ಬಂತು. ಹಿಂದಿನ ಸ್ಪ್ರಿಂಗಿನ ಪಟ್ಟಿಗಳಲ್ಲಿ ಕೆಲವನ್ನು ತೆಗೆದಿದ್ದಾನೆ, ಮುಂದುಗಡೆ ಏನನ್ನೋ ಸಡಿಲ ಮಾಡಿದ್ದಾನೆ. ಇದೆಲ್ಲ ನಮ್ಮ ಮನೆಯವರ ತಲೆ. ಇವರು ಕುಷ್ಟಗಿಯಲ್ಲಿ ನೀರಾವರಿ ಇಲಾಖೆಯ ಓವರ್ಸಿಯರ್. ಶನಿವಾರ ಸಂಜೆ ಮನೆಗೆ ಬಂದರೆ ಸೋಮವಾರ ಬೆಳಿಗ್ಗೆ ಹೊರಡುವುದರೊಳಗೆ ಒಂದಾದರೂ ಯೋಜನೆ ಮಂಜೂರು ಮಾಡಿ ಹೋಗುತ್ತಾರೆ.

ಈ ಯೋಜನೆ ಇವರ ತಾಯಿಯ ಸಲುವಾಗಿ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಎಡಗಾಲ ಹೆಬ್ಬೆರಳಿನಲ್ಲಿ ಮಾಯದ ಹುಣ್ಣು. ಬುಧವಾರ, ಶನಿವಾರ ಗಂಗಾವತಿಗೆ ಕರೆದುಕೊಂಡು ಹೋಗಬೇಕು. ಡಾಕ್ಟರು ತಾವೇ ಹುಣ್ಣು ಕೆರೆದು ಕಟ್ಟು ಹಾಕುತ್ತಾರೆ. "ಒಂದು ಸರತಿ ತಪ್ಪಿಸಿದ್ರೂ ಮ್ಯಾಲ ಏರತೈತಿ. ಆಮ್ಯಾಲ ಇಲ್ಲಿಗೆ ಕಡೀಬೇಕಾಗತೈತಿ" ಎಂದು ಅವರು ಕಾಲಿನ ಗಿಣ್ಣಿನ ಮೇಲೆ ಬೆರಳಿಟ್ಟು ತೋರಿಸಿದರು. ಅತ್ತೆಯವರು ನನ್ನ ಕಡೆ ನೋಡಿದರು, ಕಾಲನ್ನು ನಾನೇ ಕೇಳಿದ ಹಾಗೆ.

ಅವರು ಗಿಡ್ಡ, ಭಾರ, ಆ ಕಾಲನ್ನು ಊರುವಂತಿಲ್ಲ. ಬಸ್ಸಿನ ಮೆಟ್ಟಿಲು ದೂರದ ಮಾತು, ಕಾರಿನ ಸೀಟು ಕೂಡ ಅವರಿಗೆ ಎತ್ತರ. ಆದ್ದರಿಂದ ಅತ್ತೆಯನ್ನು ಎತ್ತುವ ಬದಲು ಕಾರನ್ನು ಇಳಿಸಿದ್ದಾರೆ. ಇವತ್ತು ಅವರು ಹಿಂದುಹಿಂದಾಗಿ ಬಂದು ಸಲೀಸಾಗಿ ಕೂತರು. ಏಳಿಸುವುದಕ್ಕೆ ಮಾತ್ರ ನಾನು, ಕಂಪೌಂಡರು, ಮತ್ತೆ ಜ್ವರಕ್ಕೆ ಔಷಧಿ ಒಯ್ಯಲು ಬಂದಿದ್ದ ಒಬ್ಬ ಪೈಲ್ವಾನ ಬೇಕಾದೆವು.

ಕಾರು ನಡೆಸುವವಳು ನಾನು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ಸಾಲಿ ಕಲಿಸಾಕಿ ಗಾಡಿ ಹೊಡದ್ರ ಹಿಂಗ."

೮ ಅಕ್ಟೋಬರ್, ಶನಿವಾರ

ಕಾಲುವೆಯ ಸೇತುವೆ ದಾಟಿದ ಮೇಲೆ ಹಿಂದಿನ ಗಾಲಿ ಪಂಕ್ಚರ್ ಆಯಿತು. ಕಾರಿನ ಜೊತೆಯಲ್ಲೇ ಬಂದಿದ್ದ ಜಾಕನ್ನು ತೆಗೆದು, ಪೂರ್ತಿ ಕೆಳಕ್ಕೆ ತಿರುಗಿಸಿ, ಕಾರಿನ ಕೆಳಗೆ ತಳ್ಳಿದೆ. ಹೋಗಲಿಲ್ಲ. ಮೊದಲೇ ಇಳಿದ ಕಾರು, ಗಾಳಿ ಹೋಗಿ ಇನ್ನಷ್ಟು ಇಳಿದು ಕೂತಿತ್ತು. ಮಲಗಿದ ಎಮ್ಮೆಯ ಕೆಳಗೆ ಚೊಂಬು ಇಟ್ಟು ಹಾಲು ಕರೆಯಲು ಹೋದಂತಾಯಿತು ನನ್ನ ಕಥೆ.

ಟ್ರ್ಯಾಕ್ಟರಿನಲ್ಲಿ ನಮ್ಮ ಓಣಿಯ ಹುಲಿಗೆಪ್ಪ ಆಳುಗಳ ಜೊತೆ ಬಂದ. ಬಗ್ಗಿ ನೋಡಿ, "ಯಕ್ಕಾ, ಇದನ್ನ ಕೈಲೇನ ಎತ್ತಬೇಕು. ಅಮ್ಮಗ ಇಳೀ ಅನ್ರಿ" ಎಂದ.

"ನಾ ಇಳಿಯಂಗಿಲ್ಲ" ಎಂದರು ಅತ್ತೆ ಒಳಗಿನಿಂದ.

"ಹಗುರ ಆಗತೈತಿ, ಅಮ್ಮಾ."

"ಹುಲಿಗ್ಯಾ, ನಿನ್ನ ತೊಟ್ಟಿಲ ತೂಗಿದಾಕಿ ನಾ. ಈಗ ನಾ ನಿನಗ ಭಾರ ಆದ್ನೇನು?"

ಅವನು ಆಳುಗಳನ್ನು ಕೂಗಿದ. ಆಳುಗಳೆಲ್ಲ ಸೇರಿ ಅವರನ್ನು ಒಳಗಿಟ್ಟೇ ಎತ್ತಿದರು. ನಾನು ಮಣ್ಣಿನಲ್ಲಿ ಕೂತು ಗಾಲಿ ಬದಲಿಸುತ್ತಿದ್ದರೆ ಅವರು ಪಲ್ಲಕ್ಕಿಯೊಳಗಿನ ಅಮ್ಮನವರ ಹಾಗೆ ಎಲೆಯಡಿಕೆ ಮೆಲ್ಲುತ್ತ, "ಆ ಕಡೀಂದ ಹಿಡೀರೋ, ಕುಲುಕಬ್ಯಾಡ್ರಿ" ಎನ್ನುತ್ತಿದ್ದರು. ದೇವರಾಗಿದ್ದರೆ ಕೊನೆಗೆ ಪ್ರಸಾದವಾದರೂ ಸಿಗುತ್ತಿತ್ತು.

ನಾವು ಮುಟ್ಟುವಷ್ಟರಲ್ಲಿ ಡಾಕ್ಟರು ರಾಯಚೂರಿಗೆ ಹೋಗಿಯಾಗಿತ್ತು. ಹಳೆಯ ಕಟ್ಟಿನಲ್ಲೇ ವಾಪಸು ಬಂದೆವು.

೯ ಅಕ್ಟೋಬರ್, ಭಾನುವಾರ

ಇವರು ಜಿಲಾನಸಾಬನ ಹತ್ತಿರ ಹೋಗಿ ಪಟ್ಟಿಗಳನ್ನು ವಾಪಸು ಹಾಕು, ಸ್ವಲ್ಪವಾದರೂ ಎತ್ತರವಾಗಲಿ ಎಂದು ಕೇಳಿದರಂತೆ.

"ಪಟ್ಟಿ ಎಲ್ಲ್ಯದಾವ್ರೀ ಸಾಹೇಬ್ರ" ಎಂದನಂತೆ ಅವನು. "ಅವು ಕಮ್ಮಾರನ ಒಲಿಗೆ ಹೋಗ್ಯಾವ. ಕುಡಗೋಲು ಆಗಿ, ಮಾರಿನೂ ಹೋಗ್ಯಾವ. ಕಾರಿನ ಪಟ್ಟಿ ಅಂದ್ರ ಜನ ಕೈಯಾಗಿಂದ ಕಸಗೊಂತಾರ, ಹಲ್ಲು ಭಾಳ ದಿನ ತಡೀತೈತಿ."

ಇವರು ಸಿಟ್ಟಾದರು. ನನಗೆ ನಗು ಬಂತು. ಈ ಸುಗ್ಗಿಗೆ ನಮ್ಮ ಕಾರಿನ ಅರ್ಧ ಭಾಗ ಯಾರ್ಯಾರದೋ ಗದ್ದೆಗಳಲ್ಲಿ ಭತ್ತ ಕೊಯ್ಯಲಿದೆ.

ಊಟಕ್ಕೆ ಕೂತಾಗ ಇವರದು ಇನ್ನೊಂದು ಯೋಜನೆ: ಪ್ರತಿಸಲ ಹಿಂದಿನ ಸೀಟಿನಲ್ಲಿ ನಾಲ್ಕು ಗಟ್ಟಿ ಆಳುಗಳನ್ನು ಕೂರಿಸಿಕೊಂಡು ಹೋಗುವುದು, ಪಂಕ್ಚರ್ ಆದರೆ ಎತ್ತಲಿಕ್ಕೆ. ಆ ನಾಲ್ವರು ಕೂತರೆ ಕಾರು ರಸ್ತೆಗೇ ಅಂಟಿಕೊಳ್ಳುತ್ತದೆ ಎಂದೆ. "ನಿನಗ ಎಲ್ಲಾದ್ರಾಗೂ ತಪ್ಪು ಹುಡುಕೋದು ರೂಢಿ ಆಗೈತಿ, ಪೇಪರ್ ತಿದ್ದಿ ತಿದ್ದಿ" ಎಂದರು.

೧೨ ಅಕ್ಟೋಬರ್, ಬುಧವಾರ

ಬೆರಳು ಕಪ್ಪಾಗಿತ್ತು. ಅಲ್ಲೇ ತೆಗೆದರು. "ಶನಿವಾರ ಬಂದಿದ್ರ ಉಳೀತಿತ್ತೋ ಏನೋ. ಇನ್ನ ಮುಂದಿಂದು ಗಿಣ್ಣು" ಎಂದರು ಡಾಕ್ಟರು, ನನ್ನ ಮುಖ ನೋಡದೆ.

ಬರುವಾಗ ಅತ್ತೆಯವರು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಊರು ಹತ್ತಿರ ಬಂದಾಗ, "ಹೋಗ್ಲಿ ಬಿಡು, ಒಂದು ಉಗುರು ಕತ್ತರಸೋ ಕೆಲಸ ತಪ್ಪಿತು" ಎಂದರು.



೧೬ ಅಕ್ಟೋಬರ್, ಭಾನುವಾರ

ಜಾಕ್ ಕೊಳ್ಳಬೇಕು ಎಂದು ತೀರ್ಮಾನವಾಯಿತು. ಜಿಲಾನಸಾಬ ಲಾರಿಗಳಿಗೆ ಹಾಕುವ ತನ್ನ ಎಣ್ಣೆ ಜಾಕ್ ತಂದು ತೋರಿಸಿದ; ಹೂಜಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದು ಕಾರಿನ ಕೆಳಗೆ ಹೋಗಬೇಕಾದರೆ ಮೊದಲು ಕಾರನ್ನು ಬೇರೆ ಜಾಕಿನಿಂದ ಎತ್ತಬೇಕು. "ನಿಮಗ ಟ್ರಾಲಿ ಜಾಕ್ ಬೇಕ್ರೀ ಅಕ್ಕಾರ" ಎಂದ. "ಗಾಲಿ ಇರತಾವ, ಅಂಗಾತ ಮಲಗಿದ ಮೊಸಳಿ ಹಂಗ ಇರತೈತಿ. ತಳ್ಳಿದ್ರ ಕೆಳಗ ಹೋಗತೈತಿ, ಹ್ಯಾಂಡಲ್ ಒತ್ತಿದ್ರ ಬಾಯಿ ಎತ್ತತೈತಿ."

ಮೊಸಳೆ ಅಂಗಾತ ಮಲಗುವುದನ್ನು ಅವನು ಎಲ್ಲಿ ನೋಡಿದನೋ.

ಇವರು ಸ್ಕೇಲು ತಂದು ಕಾರಿನ ಕೆಳಗಿನ ಸಂದನ್ನು ಅಳೆದು, ಸಿಗರೇಟು ಪ್ಯಾಕಿನ ಮೇಲೆ ಬರೆದುಕೊಂಡರು. ಎಷ್ಟು ಟನ್ನಿನದು ತರುತ್ತೀರಿ ಎಂದೆ. "ಐದು. ಅವ್ವನೂ ಇರತಾಳಲ್ಲ" ಎಂದರು. ಒಳಗಿದ್ದ ಅವ್ವನಿಗೆ ಅದು ಕೇಳಿಸಿತು. ರಾತ್ರಿಯ ರೊಟ್ಟಿ ಇವರಿಗೆ ತಟ್ಟೆಯಲ್ಲಿ ಬೀಳಲಿಲ್ಲ, ಬಂದು ಬಡಿಯಿತು.

೧೯ ಅಕ್ಟೋಬರ್, ಬುಧವಾರ

ಪಂಕ್ಚರ್ ಆಗಲಿಲ್ಲ. ಹೋಗಿಬರುವವರೆಗೂ ಒಂದೊಂದು ಕಲ್ಲನ್ನೂ ತಪ್ಪಿಸಿ ತಪ್ಪಿಸಿ ಓಡಿಸಿದೆ.

ದವಾಖಾನೆಯ ಬೆಂಚಿನ ಮೇಲೆ ಪುಸ್ತಕ ತೆಗೆದು ಕೂತಿದ್ದೆ. ಏನು ಓದುತ್ತೀ ಎಂದರು ಅತ್ತೆ. ಹುಣ್ಣಿಮೆಯ ಚಂದ್ರನನ್ನು ನೋಡಿ ಕವಿ ಒಬ್ಬನೇ ಕೂತು ದುಃಖಪಡುವುದನ್ನು ಅರ್ಥ ಮಾಡಿ ಹೇಳಿದೆ.

"ಉಂಡಿದ್ನೇನು ಅಂವಾ?"

"ಅದನ್ನು ಬರೆದಿಲ್ರೀ ಅತ್ತಿ."

"ಉಂಡಿರಬೇಕು. ಹಸದಾಂವ ಮ್ಯಾಲ ನೋಡಂಗಿಲ್ಲ."

ಆಮೇಲೆ ಆ ಕವಿತೆಯನ್ನು ಎಷ್ಟು ಓದಿದರೂ ಹೊಟ್ಟೆ ತುಂಬಿದವನೊಬ್ಬ ತೇಗುವುದೇ ಕೇಳಿಸುತ್ತಿದೆ. ಒಂದು ಒಳ್ಳೆಯ ಪುಸ್ತಕ ಹಾಳಾಯಿತು.

೨೨ ಅಕ್ಟೋಬರ್, ಶನಿವಾರ

ಕಟ್ಟು ಹಾಕಿಸಿಕೊಂಡು ಬಂದೆವು. ಸಂಜೆ ಆಫೀಸಿನ ಜೀಪಿನಲ್ಲಿ ಇವರೂ ಬಂದರು, ಹೊಸಪೇಟೆಯಿಂದ ತರಿಸಿದ ಜಾಕಿನ ಜೊತೆ. ಕೆಂಪು ಬಣ್ಣ, ಐದು ಟನ್. ಜೀಪಿನಿಂದ ಇಳಿಸಲು ಇಬ್ಬರು ಬೇಕಾದರು. ಜಾತ್ರೆಯ ಕುರಿಗೆ ಹಾಕುವಂತೆ ಅದರ ಕೊರಳಿಗೆ ಒಂದು ಹೂವಿನ ಮಾಲೆ ಬೇರೆ. ಕಾರಿನ ಕೆಳಗೆ ತಳ್ಳಿದರು, ಹೋಯಿತು. "ನೋಡು" ಎಂದರು.

ನಾನು ಹಿಂದಿನ ಗಾಲಿಯ ಹತ್ತಿರ ಕೂತು, ಹೇರ್‌ಪಿನ್ನಿನಿಂದ ಗಾಳಿ ಬಿಟ್ಟೆ. ಕಾರು ನಿಟ್ಟುಸಿರುಬಿಟ್ಟು ಕೂತಿತು. "ಈಗ ತಳ್ರಿ" ಎಂದೆ. ಹೋಗಲಿಲ್ಲ.

"ನೀವು ಅಳತಿ ತಗೊಂಡದ್ದು ಗಾಲಿಯೊಳಗ ಗಾಳಿ ಇದ್ದಾಗ. ಗಾಳಿ ಇದ್ದಾಗ ಜಾಕ್ ಯಾತಕ್ಕ ಬೇಕು?"

ಬಗ್ಗಿದ್ದವರು ಬಗ್ಗಿಯೇ ಇದ್ದರು. ಆಮೇಲೆ ಜೀಪಿನ ಡ್ರೈವರನಿಗೆ, "ನೀ ಹೋಗಪ್ಪಾ, ನಿನಗ ಹೊತ್ತಾತು" ಎಂದರು.

೨೩ ಅಕ್ಟೋಬರ್, ಭಾನುವಾರ

ಇವತ್ತು ನಾನು ಅಳೆದೆ. ಗಾಳಿ ಇಲ್ಲದ ಗಾಲಿ, ಜೊತೆಗೆ ಅತ್ತೆಯವರು ಒಳಗೆ. ಪಂಕ್ಚರ್ ಆಗುವುದು ಅವರು ಕೂತಾಗಲೇ, ಅವರು ಇಳಿಯುವುದೂ ಇಲ್ಲ. ಅಳತೆಗಾಗಿ ಸುಮ್ಮನೆ ಕಾರಿನಲ್ಲಿ ಕೂರಬೇಕು ಎಂದಾಗ, "ನಾ ಏನು ಜ್ವಾಳದ ಚೀಲೇನು?" ಎಂದರು. ಆದರೂ ಬಂದು ಕೂತರು. ಓಣಿಯ ಜನ ನೋಡಲು ನಿಂತರು ಎಂದೇ ಕೂತರೆಂದು ನನ್ನ ಗುಮಾನಿ.

ನೆಲಕ್ಕೆ ಮಲಗಿ ನೋಡಿದೆ. ಸ್ಕೇಲು ನಿಲ್ಲಿಸಲೂ ಜಾಗವಿಲ್ಲ. "ನಿಮ್ಮ ಡಬ್ಬಿ ಕೊಡ್ರಿ" ಎಂದೆ. ಸೊಂಟದಿಂದ ಎಲೆಯಡಿಕೆಯ ಹಿತ್ತಾಳೆ ಡಬ್ಬಿ ತೆಗೆದುಕೊಟ್ಟರು. ಹಿಂದಿನ ಅಚ್ಚಿನ ಕೆಳಗೆ ತಳ್ಳಿದೆ. ಮುಚ್ಚಳ ಸವರಿಕೊಂಡು ಸರಿಯಾಗಿ ಒಳಗೆ ಹೋಯಿತು.

ಅಷ್ಟೇ ಬೇಕಾಗಿದ್ದದ್ದು. ಜಾಕಿನ ಬಾಯಿ ಈ ಡಬ್ಬಿಗಿಂತ ಗಿಡ್ಡ ಇರಬೇಕು.

ಇವರು ಒಳಗೆ ಹೋಗಿ ಪೇಪರ್ ಓದುತ್ತಿದ್ದರು.

೭ ನವೆಂಬರ್, ಸೋಮವಾರ

ದೀಪಾವಳಿ ರಜೆ. ಕೆಂಪು ರಾಕ್ಷಸನನ್ನು ವಾಪಸು ಕೊಟ್ಟು ಬೇರೆ ತರಲು ಹೊಸಪೇಟೆಗೆ ಹೊರಟೆ. ಡಬ್ಬಿ ಕೇಳಿದೆ. "ಡಬ್ಬಿ ಬರೋದಾದ್ರ ನಾನೂ ಬರತೇನಿ. ಎಲಿ ಇಲ್ದ ದಿನ ಹೆಂಗ ಕಳೀಲಿ?" ಎಂದು ಅತ್ತೆ ತಾವೇ ಬಂದು ಕೂತರು.

ಬಿಡಿಭಾಗಗಳ ಅಂಗಡಿಯ ಮಾಲೀಕ ಮದಾರಸಾಬ. ಬಂದವಳು ನಾನೊಬ್ಬಳೇ ಎಂದು ನೋಡಿ ರಸ್ತೆಯ ಕಡೆ ಕತ್ತು ಚಾಚಿದ. "ಸಾಹೇಬ್ರು ಬರಾಕತ್ತಾರೇನ್ರಿ?"

"ಸಾಹೇಬ್ರು ತರಸಿದ್ದಕ್ಕ ಇದನ್ನ ವಾಪಸು ತಂದೀನ್ರೀ" ಎಂದೆ.

ಇದ್ದಬದ್ದ ಟ್ರಾಲಿ ಜಾಕುಗಳನ್ನೆಲ್ಲ ನೆಲದ ಮೇಲೆ ಇರಿಸಿದ. ಒಂದೊಂದರ ಪಕ್ಕದಲ್ಲೂ ಡಬ್ಬಿ ಇಟ್ಟು, ಕೆನ್ನೆ ನೆಲಕ್ಕೆ ಹಚ್ಚಿ ನೋಡಿದೆ. ಹೆಚ್ಚಿನವು ಡಬ್ಬಿಯ ಎದುರೇ ಸೋತವು. ಉಳಿದದ್ದು ಎರಡು. "ಹಂಗಾರ ಯಾವುದಾರ ಒಂದು ಒಯ್ರಿ" ಎಂದ. ಅಂಗಡಿಯ ಮುಂದೆಯೇ ಗಾಲಿಯ ಗಾಳಿ ಬಿಟ್ಟೆ. ಅವನು ಬಾಯಿ ತೆರೆದ.

"ಒಳಗ ಅಮ್ಮ ಕುಂತಾರಲ್ರಿ."

"ಅವರೂ ಅಳತಿಯೊಳಗ ಅದಾರ್ರಿ."

ಮೊದಲನೆಯದು ಬೆಣ್ಣೆಯಂತೆ ಒಳಗೆ ಹೋಯಿತು. ಆದರೆ ಹ್ಯಾಂಡಲ್ ಪೂರ್ತಿ ಒತ್ತಿದ ಮೇಲೂ ಗಾಲಿ ನೆಲ ಬಿಡಲಿಲ್ಲ. ಗಿಡ್ಡ ಜಾಕ್, ಗಿಡ್ಡ ಆಸೆ. ಎರಡನೆಯದರ ಮೈ ಉದ್ದ, ಮೂತಿ ಚಪ್ಪಟೆ, ಎರಡು ಟನ್. ಹಿಂದಿನಿಂದ ಹಾಕಿದರೆ ಹ್ಯಾಂಡಲ್ ಬಂಪರಿಗೆ ಬಡಿಯುತ್ತಿತ್ತು. ಗಾಲಿಯ ಮುಂದಿನಿಂದ, ಓರೆಯಾಗಿ ಹಾಕಿದೆ. ಹ್ಯಾಂಡಲ್ ಆಡಿತು, ಕಾರು ಎದ್ದಿತು, ಗಾಲಿ ನೆಲ ಬಿಟ್ಟಿತು, ಕೈಯಿಂದ ತಿರುಗಿಸಿದರೆ ಗಿರ್ರೆಂದು ತಿರುಗಿತು.

"ಎರಡು ಟನ್ ಸಾಕಾಗತೈತೇನ್ರಿ?" ಎಂದು ಅವನು ಮೆಲ್ಲಗೆ ಕೇಳಿದ, ಕಾರಿನ ಒಳಗೆ ನೋಡುತ್ತ.

"ಏ ಸಾಬಾ" ಎಂದರು ಅತ್ತೆ. "ನಾ ಒಂದು ಬೆರಳು ಕಡಿಮಿ ಅದೀನಿ, ಅದನ್ನೂ ಲೆಕ್ಕಕ್ಕ ಹಿಡಿ."

ಅವನು ನಕ್ಕು ಚಹಾ ತರಿಸಿದ. ಅತ್ತೆ ಸಕ್ಕರೆ ಹಾಕಿದ್ದನ್ನೇ ಕುಡಿದರು. ನಾನು ಇನ್ನೊಂದು ಕಡೆ ನೋಡಿದೆ.

೧೩ ನವೆಂಬರ್, ಭಾನುವಾರ

ಅಂಗಡಿಯ ಮುಂದೆ ಡಾಂಬರು, ನಮ್ಮ ದಾರಿಯಲ್ಲಿ ಅರ್ಧಕ್ಕರ್ಧ ಎರೆಮಣ್ಣು. ಹಿತ್ತಲಲ್ಲಿ ಪ್ರಯೋಗ ಮಾಡಿದೆ. ಕಾರು ಏಳುವ ಬದಲು ಜಾಕಿನ ಪುಟ್ಟ ಕಬ್ಬಿಣದ ಗಾಲಿಗಳು ಮಣ್ಣಿಗೆ ಇಳಿದವು. ಕಾರು ಏಳುತ್ತಿದ್ದಂತೆ ಜಾಕ್ ಒಳಕ್ಕೆ ಸರಿಯಬೇಕು, ಸರಿಯದಿದ್ದರೆ ಕಾರನ್ನೇ ತನ್ನ ಕಡೆ ಎಳೆಯುತ್ತದೆ. ಕೆಳಗೆ ಹಲಗೆ ಬೇಕು, ಅದೂ ತೆಳುವಾಗಿರಬೇಕು. ಇಲ್ಲದಿದ್ದರೆ ಡಬ್ಬಿಯ ಲೆಕ್ಕ ಕೆಡುತ್ತದೆ.

ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು, "ಅಟ್ಟದ ಮ್ಯಾಲ ನಿನ್ನ ಲಗ್ನದ ಮಣಿ ಐತಿ, ತಗಿ" ಎಂದರು. ಇವರು ಬೇಡ, ಅದು ಶುಭದ್ದು ಎಂದರು. "ಗಾದ್ಯಾ," ಎಂದು ಮಗನನ್ನು ಗದರಿದರು, "ಅದರ ಮ್ಯಾಲ ನೀವಿಬ್ರೂ ಕುಂತದ್ದು ಒಂದು ತಾಸು. ಅವತ್ತಿಂದ ಸುಮ್ಮನ ಬಿದ್ದೈತಿ."

ಸಾಗುವಾನಿ, ತೆಳು, ಗಟ್ಟಿ. ಜಾಕಿನ ಗಾಲಿಗಳು ಅದರ ಮೇಲೆ ಸಲೀಸಾಗಿ ಓಡಿದವು. ಎದ್ದ ಮೇಲೆ ಅಚ್ಚಿನ ಕೆಳಗೆ ಒಂದು ದಿಮ್ಮಿ, ಉಳಿದ ಗಾಲಿಗಳಿಗೆ ಕಲ್ಲು. ಇವರೇ ಬಂದು ದಿಮ್ಮಿಯನ್ನು ಕಾಲಿನಿಂದ ಒದ್ದು ನೋಡಿ, "ಅಲುಗಂಗಿಲ್ಲ" ಎಂದರು. ಬೇರೆಯವರ ಬಾಯಲ್ಲಾದರೆ ಅದು ಪ್ರಶಂಸೆ.

೨೭ ನವೆಂಬರ್, ಭಾನುವಾರ

ತಳಕಲ್ಲಿನಿಂದ ಮೈದುನ ಯಂಕೋಬ ಬಂದಿದ್ದ. ಅವ್ವನನ್ನು ನೋಡಿಕೊಳ್ಳುವ ಪಾಳಿ ದೀಪಾವಳಿಯಿಂದ ಅವನದು, ಕರೆದುಕೊಂಡು ಹೋಗಲು ಬಂದೆ ಎಂದ. ಹುಣ್ಣು ಹಸಿ ಇದೆ, ಡಾಕ್ಟರು ಊರು ಬಿಡಿಸಬೇಡಿ ಎಂದಿದ್ದಾರೆ ಎಂದೆ.

ಡಾಕ್ಟರು ಹಾಗೇನೂ ಹೇಳಿಲ್ಲ. ಆದರೆ ತಳಕಲ್ಲಿನಿಂದ ಯಾರು ಕರೆತರುತ್ತಾರೆ? ಅವನ ಹತ್ತಿರ ಇರುವುದು ಮೋಟಾರು ಸೈಕಲ್ಲು.

ಅತ್ತೆ ಅಡಿಕೆ ಕತ್ತರಿಸುತ್ತಿದ್ದರು. ಅವನು ಹೋದ ಮೇಲೆ, "ಛಲೋ ಸುಳ್ಳು ಹೇಳತಿ" ಎಂದರು.

೧೦ ಡಿಸೆಂಬರ್, ಶನಿವಾರ

ಡಾಕ್ಟರು ಕಟ್ಟು ಬಿಚ್ಚಿ, ಬಹಳ ಹೊತ್ತು ಒತ್ತಿ ನೋಡಿ, ಹೊಸ ಕಟ್ಟು ಹಾಕಲಿಲ್ಲ. "ಕೂಡೈತಿ. ಕಾಲು ಉಳೀತು. ಇನ್ನ ಬರೋದು ಬ್ಯಾಡ, ಯಮನೂರಮ್ಮ."

"ಬ್ಯಾಡಂದ್ರ?"

"ಬ್ಯಾಡ ಅಂದ್ರ ಬ್ಯಾಡ. ಚಪ್ಪಲಿ ಹಾಕ್ಕೊಂಡು ಅಡ್ಡಾಡ್ರಿ. ಸಕ್ಕರಿ ಬಿಡ್ರಿ."

ನನಗೆ ಸಂತೋಷವಾಗಬೇಕಾಗಿತ್ತು, ಆಯಿತು ಕೂಡ. ಆದರೂ ಹೊರಗೆ ಬಂದಾಗ ಇಬ್ಬರೂ ಏನೋ ಬಿಟ್ಟುಬಂದವರ ಹಾಗೆ ಬಾಗಿಲಲ್ಲಿ ನಿಂತೆವು. ಅವರು ಕಂಪೌಂಡರನಿಗೆ ಎರಡೆರಡು ಸಲ ಹೋಗಿಬರುತ್ತೇನೆ ಎಂದರು. ಅವನು ಬರಬೇಡಿ ಎಂದ.

ಆಂಧ್ರದ ರೈತರ ಕ್ಯಾಂಪು ದಾಟಿ, ರಸ್ತೆ ಕಾಲುವೆಯ ಏರಿಯ ಪಕ್ಕಕ್ಕೆ ಬರುವಲ್ಲಿ ಹಿಂದಿನ ಗಾಲಿ ಹೋಯಿತು. ಯಾರೂ ಇರಲಿಲ್ಲ, ಯಾರೂ ಬೇಕಾಗಲಿಲ್ಲ. ಕಲ್ಲು ಇಟ್ಟೆ, ಮಣೆ ಹಾಸಿದೆ, ಜಾಕ್ ತಳ್ಳಿದೆ, ಹ್ಯಾಂಡಲ್ ಒತ್ತಿದೆ. ಅವರಿದ್ದ ಕಡೆ ಕಾರು ಮೆಲ್ಲಗೆ ಎದ್ದಿತು. ದಿಮ್ಮಿ ಕೊಟ್ಟೆ. ಗಾಲಿ ಬದಲಿಸಿದೆ, ನಟ್ಟು ಬಿಗಿದೆ, ದಿಮ್ಮಿ ತೆಗೆದೆ. ಇನ್ನು ಇಳಿಸಬೇಕು ಎನ್ನುವಾಗ ಒಳಗಿನಿಂದ, "ಇರಲಿ, ಇಳಸಬ್ಯಾಡ" ಎಂದರು.

"ಯಾಕ್ರೀ ಅತ್ತಿ?"

"ನಮ್ಮ ಗದ್ದಿ ಕಾಣಾಕತ್ತೈತಿ."

ಬಗ್ಗಿ ಅವರ ಕಿಟಕಿಯ ಮಟ್ಟಕ್ಕೆ ಮುಖ ತಂದು ನೋಡಿದೆ. ಏರಿಯ ಹುಲ್ಲಿನ ಮೇಲಿಂದ, ಕೂದಲೆಳೆಯಷ್ಟು ಸಂದಿನಲ್ಲಿ, ಹಳದಿ ಭತ್ತ, ಕೊಯ್ಲಿಗೆ ಬಗ್ಗಿದ ಹೆಂಗಸರ ಬೆನ್ನು, ಆಚೆಗೆ ಒಟ್ಟುತ್ತಿದ್ದ ಬಣವೆ. ಕಾಲು ಕೆಟ್ಟಾಗಿನಿಂದ ಅವರು ಇಲ್ಲಿಗೆ ಬಂದಿರಲಿಲ್ಲ. ಬುಧವಾರ, ಶನಿವಾರ ಇದೇ ದಾರಿಯಲ್ಲಿ ಕರೆದುಕೊಂಡು ಓಡಾಡಿದ್ದೇನೆ. ಇಳಿಸಿದ ಕಾರಿನ ಇಳಿಸಿದ ಸೀಟಿನಿಂದ ಇಷ್ಟು ದಿನವೂ ಅವರಿಗೆ ಕಂಡಿದ್ದು ಏರಿಯ ಮಣ್ಣು ಮಾತ್ರ. ಒಂದು ದಿನವೂ ಹೇಳಿಲ್ಲ. ನಾನೂ ಕೇಳಿಲ್ಲ.

"ಬಣವಿ ಸೊಟ್ಟ ಒಟ್ಟ್ಯಾರ" ಎಂದರು. "ದುರುಗವ್ವನ ಕೈ ಇರಬೇಕು. ಇನ್ನೀಟು ಎತ್ತು."

ಇನ್ನಷ್ಟು ಎತ್ತಿದೆ. ಅವರು ಸೀಟಿನಲ್ಲಿ ಓರೆಯಾಗಿ, ಒಂದು ಕೈಯಿಂದ ಬಾಗಿಲು ಹಿಡಿದುಕೊಂಡು, ಯಾರ್ಯಾರು ಬಂದಿದ್ದಾರೆ, ಯಾರು ಕೆಲಸಗಳ್ಳರು, ತೆನೆ ಎಲ್ಲಿ ಜೊಳ್ಳು ಎಂದು ಒಂದೊಂದಾಗಿ ಹೇಳತೊಡಗಿದರು. ನಾನು ಮಣೆಯ ಅಂಚಿಗೆ ಕೂತು ಕೇಳಿದೆ.

ಜಾಕಿನ ತಿರುಪು ಪೂರ್ತಿ ಬಿಗಿಯಾಗಿರಲಿಲ್ಲವೋ, ಎಣ್ಣೆ ಎಲ್ಲೋ ಜಿನುಗುತ್ತಿತ್ತೋ, ಕಾರು ಗೊತ್ತಾಗದ ಹಾಗೆ ಕೆಳಗೆ ಬರುತ್ತಿತ್ತು. ಗದ್ದೆ ಮರೆಯಾದಾಗಲೆಲ್ಲ ಅವರು ಡಬ್ಬಿಯಿಂದ ಬಾಗಿಲಿಗೆ ಕುಟ್ಟುತ್ತಿದ್ದರು. ನಾನು ಎದ್ದು ಹ್ಯಾಂಡಲ್ ಒತ್ತುತ್ತಿದ್ದೆ.

ಮನೆಗೆ ಬಂದಾಗ ಇವರು ಬಾಗಿಲಲ್ಲೇ ನಿಂತಿದ್ದರು. "ಇಷ್ಟೊತ್ತು ಯಾಕ?"

"ಪಂಕ್ಚರ್ ಆಗಿತ್ತು. ಜಾಕ್ ಎತ್ತತೈತಿ, ನಿಲ್ಲಂಗಿಲ್ಲ. ಕೆಳಗ ಬರತೈತಿ."

"ಹಂಗಾರ ಕೆಟ್ಟೈತಿ ಅದು. ಬರೋ ವಾರ ಹೊಸಪೇಟಿಗೆ ಕಳಿಸಿ ಬದಲಿ ತರಸತೇನಿ."

ಅತ್ತೆ ನನ್ನ ಹೆಗಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಆ ಕೈ ಬಿಗಿಯಾಯಿತು.

"ಬ್ಯಾಡ್ರಿ" ಎಂದೆ. "ನಮಗ ಅದೇ ಬೇಕು."